ಪ್ಲಗ್ ಒಳಗೆ ಹೋದರೆ ಸಾಲದು: ಬೇರೆ ದೇಶದ ಸಾಕೆಟ್ಟಿಗೆ ನಮ್ಮ ಉಪಕರಣವನ್ನು ಜೋಡಿಸುವ ಬಗೆ

ಬೇರೆ ದೇಶಕ್ಕೆ ಹೊರಟವರು ವಿದ್ಯುತ್ತಿನ ವಿಷಯದಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಪಿನ್ನಿನ ಆಕಾರದ್ದೇ ಆಗಿರುತ್ತದೆ: ಅಲ್ಲಿಯ ಗೋಡೆಯಲ್ಲಿರುವುದು ದುಂಡು ತೂತೋ ಚಪ್ಪಟೆ ಸೀಳೋ, ಎರಡೋ ಮೂರೋ, ಯಾವ ಅಡಾಪ್ಟರ್ ಕೊಳ್ಳಬೇಕು ಎಂಬುದು. ನನ್ನ ಅಭಿಪ್ರಾಯದಲ್ಲಿ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಆಕಾರ ಹೊಂದದಿದ್ದರೆ ಪ್ಲಗ್ ಒಳಗೆ ಹೋಗುವುದಿಲ್ಲ, ಅಷ್ಟೆ. ಅದರಿಂದ ಹಾಳಾಗುವುದು ಏನೂ ಇಲ್ಲ. ಆಕಾರ ಹೊಂದಿಯೂ ವೋಲ್ಟೇಜ್ ಹೊಂದದಿದ್ದರೆ ಉಪಕರಣ ಸುಟ್ಟುಹೋಗುತ್ತದೆ, ಅರ್ತಿಂಗ್ ಕೂಡಿಕೊಳ್ಳದಿದ್ದರೆ ಮುಟ್ಟಿದವರಿಗೆ ಷಾಕ್ ಹೊಡೆಯಬಹುದು, ಪಿನ್ನು ಸಡಿಲವಾಗಿ ಕೂತರೆ ಸಾಕೆಟ್ಟೇ ಕರಗಬಹುದು. ಆದ್ದರಿಂದ ಮೊದಲು ಉಪಕರಣದ ಮೇಲಿನ ಬರಹವನ್ನು, ಆಮೇಲೆ ಹೋಗುವ ಸ್ಥಳದ ವೋಲ್ಟೇಜ್ ಮತ್ತು ಹರ್ಟ್ಸನ್ನು (ವಿದ್ಯುತ್ತಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕವನ್ನು), ಅನಂತರ ಆಕಾರ ಮತ್ತು ಅರ್ತಿಂಗನ್ನು, ಕಡೆಯಲ್ಲಿ ಅಡಾಪ್ಟರನ್ನು ನೋಡುವ ಕ್ರಮವನ್ನೇ ಇಲ್ಲಿ ಅನುಸರಿಸಿದ್ದೇನೆ.

ಉಪಕರಣದ ಲೇಬಲ್ಲನ್ನು ಓದುವುದು

ಲ್ಯಾಪ್‌ಟಾಪಿನ ಚಾರ್ಜರನ್ನು ಕೈಗೆತ್ತಿಕೊಂಡು ಬೆನ್ನಿನ ಕಡೆ ತಿರುಗಿಸಿ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದುಬಣ್ಣದ ಅತಿ ಸಣ್ಣ ಅಕ್ಷರಗಳಲ್ಲಿ ಏನೋ ಅಚ್ಚಾಗಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಗುಣಮಟ್ಟದ ಮುದ್ರೆಗಳ ಗುಂಪಿನ ನಡುವೆ ‘ಇನ್‌ಪುಟ್’ ಎಂಬ ಪದವನ್ನು ಹುಡುಕಿ. ಅದರ ಮುಂದೆ 100-240 ವೋಲ್ಟ್, ಅಲೆಯಂತಹ ಒಂದು ಗೆರೆ, 50/60 ಹರ್ಟ್ಸ್, 1.5 ಆಂಪ್ ಎಂಬಂತೆ ಬರೆದಿರುತ್ತದೆ. ಈ ಒಂದು ಸಾಲನ್ನು ಓದಲು ಬಂದರೆ ಅರ್ಧ ಕೆಲಸ ಮುಗಿಯಿತು.

100 ಮತ್ತು 240ರ ನಡುವಿನ ಅಡ್ಡಗೆರೆಗೆ ‘ಇಲ್ಲಿಂದ ಅಲ್ಲಿಯವರೆಗೆ’ ಎಂಬ ಅರ್ಥವಿದೆ. ಅಂದರೆ ಆ ಚಾರ್ಜರ್ ಜಗತ್ತಿನ ಯಾವ ಮನೆಯ ವೋಲ್ಟೇಜನ್ನಾದರೂ ತಾನೇ ಗುರುತಿಸಿ ಒಗ್ಗಿಸಿಕೊಳ್ಳುತ್ತದೆ. ಒಳಬರುವ ಎಸಿ (ಅಲೆಯಂತೆ ದಿಕ್ಕು ಬದಲಿಸುತ್ತ ಹರಿಯುವ) ವಿದ್ಯುತ್ತನ್ನು ಅದು ಮೊದಲು ಡಿಸಿಯಾಗಿ, ಅಂದರೆ ಒಂದೇ ದಿಕ್ಕಿಗೆ ಹರಿಯುವಂತೆ ಬದಲಿಸಿ, ಸೆಕೆಂಡಿಗೆ ಸಾವಿರಾರು ಸಲ ತುಂಡು ತುಂಡಾಗಿ ಕತ್ತರಿಸಿ, ತನಗೆ ಬೇಕಾದಷ್ಟನ್ನು ಮಾತ್ರ ಅಳೆದು ತೆಗೆದುಕೊಳ್ಳುವುದರಿಂದ ಇದು ಸಾಧ್ಯವಾಗುತ್ತದೆ. ಮೊಬೈಲ್, ಲ್ಯಾಪ್‌ಟಾಪ್, ಕ್ಯಾಮೆರಾಗಳ ಚಾರ್ಜರುಗಳು ಬಹುಮಟ್ಟಿಗೆ ಇದೇ ಜಾತಿಯವು. ಇವಕ್ಕೆ ಬೇಕಾದದ್ದು ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ಮಾತ್ರ. ‘ಔಟ್‌ಪುಟ್’ ಎಂದು ಬರೆದ ಸಾಲಿನಲ್ಲಿರುವ 5, 9, 20 ವೋಲ್ಟ್‌ಗಳು ಚಾರ್ಜರಿನಿಂದ ಸಾಧನಕ್ಕೆ ಹೋಗುವ ಲೆಕ್ಕ. ಗೋಡೆಗೂ ಅದಕ್ಕೂ ಸಂಬಂಧವಿಲ್ಲವಾದ್ದರಿಂದ ಅದನ್ನು ನೋಡಿ ಗಾಬರಿಯಾಗಬೇಕಿಲ್ಲ.

ಅಡ್ಡಗೆರೆಯ ಬದಲು 120/240 ಎಂದು ಓರೆಗೆರೆ ಇದ್ದರೆ ಎಚ್ಚರ ವಹಿಸಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಅಂತಹ ಉಪಕರಣದಲ್ಲಿ ಎಲ್ಲೋ ಒಂದು ಕಡೆ ವೋಲ್ಟೇಜ್ ಆಯ್ದುಕೊಳ್ಳುವ ಸ್ವಿಚ್ ಇರುತ್ತದೆ. ಪ್ರವಾಸಕ್ಕೆಂದೇ ಮಾರುವ ಸಣ್ಣ ಹೇರ್ ಡ್ರೈಯರುಗಳಲ್ಲಿ ಅದು ಹಿಡಿಕೆಯ ಮೇಲೆ, ನಾಣ್ಯದ ಅಂಚಿನಿಂದ ತಿರುಗಿಸುವಂತಹ ದುಂಡನೆಯ ತಿರುಪಾಗಿರುವುದುಂಟು. ಅದನ್ನು ಪ್ಲಗ್ ಹಾಕುವ ಮೊದಲೇ ತಿರುಗಿಸಬೇಕು. ಹಾಕಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಇನ್ನು ಬರೀ 230 ವೋಲ್ಟ್ ಎಂದೋ, ಬರೀ 120 ವೋಲ್ಟ್, 60 ಹರ್ಟ್ಸ್, 1200 ವ್ಯಾಟ್ ಎಂದೋ ಒಂದೇ ಸಂಖ್ಯೆ ಬರೆದಿರುವ ಉಪಕರಣಗಳಿವೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಮಿಕ್ಸರ್, ಹಳೆಯ ಟ್ರಿಮ್ಮರುಗಳು ಈ ಸಾಲಿಗೆ ಸೇರುತ್ತವೆ. ಇವು ತಮಗೆ ಹೇಳಿದ ವೋಲ್ಟೇಜಿನಲ್ಲಿ ಮಾತ್ರ ಕೆಲಸ ಮಾಡುತ್ತವೆ. ಇಂಥವನ್ನು ಮನೆಯಲ್ಲೇ ಬಿಟ್ಟುಹೋಗುವುದು ಬಹುತೇಕ ಸಲ ಎಲ್ಲಕ್ಕಿಂತ ಅಗ್ಗದ ಪರಿಹಾರ.

ವೋಲ್ಟೇಜಿನ ಎರಡು ಬಣಗಳು

ಮನೆಗಳಿಗೆ ಬರುವ ವಿದ್ಯುತ್ತಿನ ಮಟ್ಟಿಗೆ ಜಗತ್ತು ಎರಡು ಬಣವಾಗಿದೆ. ಒಂದು, 100ರಿಂದ 127 ವೋಲ್ಟ್‌ನದು: ಅಮೆರಿಕ ಮತ್ತು ಕೆನಡಾಗಳಲ್ಲಿ 120, ಮೆಕ್ಸಿಕೊದಲ್ಲಿ 127, ತೈವಾನಿನಲ್ಲಿ 110, ಜಪಾನಿನಲ್ಲಿ 100. ಇನ್ನೊಂದು, 220ರಿಂದ 240 ವೋಲ್ಟ್‌ನದು: ಯೂರೋಪ್, ಆಫ್ರಿಕ ಮತ್ತು ಏಷ್ಯಾದ ಬಹುಭಾಗ, ಆಸ್ಟ್ರೇಲಿಯ ಇದಕ್ಕೆ ಸೇರುತ್ತವೆ. ಈ ಎರಡನೆಯ ಬಣದ ಒಳಗಿನ ವ್ಯತ್ಯಾಸಗಳಿಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹಿಂದೆ ಬ್ರಿಟನ್ನಿನಲ್ಲಿ 240, ಯೂರೋಪಿನ ಉಳಿದ ಭಾಗದಲ್ಲಿ 220 ಇದ್ದದ್ದನ್ನು ಕಾಗದದ ಮೇಲೆ 230 ಎಂದು ಒಂದುಗೂಡಿಸಿ, ಎರಡೂ ಒಳಗೊಳ್ಳುವಷ್ಟು ಏರಿಳಿತಕ್ಕೆ ಅವಕಾಶ ಕೊಡಲಾಗಿದೆ. ಆದ್ದರಿಂದ 220 ಎಂದು ಬರೆದ ಉಪಕರಣವನ್ನು 230ರ ಊರಿನಲ್ಲಿ ಧೈರ್ಯವಾಗಿ ಬಳಸಬಹುದು.

ಒಂದು ಬಣದ ಉಪಕರಣವನ್ನು ಇನ್ನೊಂದರಲ್ಲಿ ಹಾಕಿದರೆ ಆಗುವುದೇನು? ಕಾಯಿಸುವ ತಂತಿಯಿರುವ ಉಪಕರಣದ ಲೆಕ್ಕ ಸುಲಭ. ವೋಲ್ಟೇಜ್ ಇಮ್ಮಡಿಯಾದರೆ ಅದು ಎಳೆಯುವ ಕರೆಂಟ್ ಕೂಡ ಇಮ್ಮಡಿಯಾಗುತ್ತದೆ, ಎರಡೂ ಸೇರಿ ಶಾಖ ನಾಲ್ಕು ಪಟ್ಟಾಗುತ್ತದೆ. 120 ವೋಲ್ಟ್‌ನಲ್ಲಿ 1200 ವ್ಯಾಟ್ ಎಂದು ಬರೆದ ಹೇರ್ ಡ್ರೈಯರ್ 10 ಆಂಪ್ ಎಳೆಯುತ್ತದೆ; ಅದನ್ನೇ 230 ವೋಲ್ಟ್‌ಗೆ ಸಿಕ್ಕಿಸಿದರೆ 19 ಆಂಪ್ ಮೀರಿ, 4400 ವ್ಯಾಟಿನಷ್ಟು ಶಾಖವನ್ನು ಆ ಪುಟ್ಟ ತಂತಿ ತಾಳಬೇಕಾಗುತ್ತದೆ. ತಾಳುವುದಿಲ್ಲ. ತದ್ವಿರುದ್ಧವಾಗಿ 230 ವೋಲ್ಟ್‌ನ 2000 ವ್ಯಾಟ್ ಕೆಟಲ್ಲನ್ನು 120 ವೋಲ್ಟ್‌ನಲ್ಲಿಟ್ಟರೆ ಸುಮಾರು 545 ವ್ಯಾಟ್ ಮಾತ್ರ ಸಿಕ್ಕಿ, ನೀರು ಕುದಿಯಲು ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ. ಇಲ್ಲಿ ಅಪಾಯಕ್ಕಿಂತ ಬೇಸರವೇ ಹೆಚ್ಚು. ಆದರೆ ಮೋಟಾರ್ ಇರುವ ಉಪಕರಣಗಳಿಗೆ ಈ ಸಮಾಧಾನವನ್ನು ಹೇಳುವಂತಿಲ್ಲ. ಕಡಿಮೆ ವೋಲ್ಟೇಜಿನಲ್ಲಿ ತಿರುಗಲಾರದೆ ನಿಂತ ಮೋಟಾರ್ ಕೂಡ ಬಿಸಿಯಾಗಿ ಸುಡಬಲ್ಲದು.

ಜನರು ಹೆಚ್ಚಾಗಿ ಎಡವುವುದು ಆಕಾರವನ್ನೇ ವೋಲ್ಟೇಜಿನ ಗುರುತೆಂದು ನಂಬಿದಾಗ. ಎರಡು ಚಪ್ಪಟೆ ಸೀಳುಗಳ ಸಾಕೆಟ್ ಕಂಡೊಡನೆ ಅದು ಅಮೆರಿಕದ ಮಾದರಿ, ಆದ್ದರಿಂದ 120 ವೋಲ್ಟ್ ಇರಬೇಕು ಎಂದು ಊಹಿಸುವುದು ಸಹಜ. ಆದರೆ ಅದೇ ಸೀಳುಗಳ ಹಿಂದೆ ಜಪಾನಿನಲ್ಲಿ 100 ವೋಲ್ಟ್ ಇದ್ದರೆ ಪೆರು, ಚೀನ, ಫಿಲಿಪ್ಪೀನ್ಸ್‌ಗಳಲ್ಲಿ 220ರ ಆಸುಪಾಸಿನ ವೋಲ್ಟೇಜ್ ಇರುತ್ತದೆ. ಅಮೆರಿಕದಲ್ಲಿ ಕೊಂಡ ಟ್ರಿಮ್ಮರಿನ ಪ್ಲಗ್ ಅಲ್ಲಿ ಯಾವ ಅಡಾಪ್ಟರೂ ಇಲ್ಲದೆ ಸಲೀಸಾಗಿ ಒಳಗೆ ಹೋಗುತ್ತದೆ, ಸಲೀಸಾಗಿಯೇ ಹೊಗೆಯಾಡುತ್ತದೆ. ಬ್ರೆಜಿಲ್‌ನಲ್ಲಂತೂ ದೇಶಕ್ಕೆಲ್ಲ ಒಂದೇ ವೋಲ್ಟೇಜ್ ಇಲ್ಲ. ಕೆಲವು ಕಡೆ 127, ಕೆಲವು ಕಡೆ 220 ಇರುತ್ತದೆ, ಸಾಕೆಟ್ಟಿನ ಆಕಾರ ಮಾತ್ರ ಎರಡು ಕಡೆಯೂ ಒಂದೇ. ಅಂತಹ ದೇಶದಲ್ಲಿ ಪ್ರತಿ ಊರಿನಲ್ಲಿಯೂ ಕೇಳಿಯೇ ಪ್ಲಗ್ ಹಾಕಬೇಕು.

ಇದನ್ನು ಕಲಿಯಲು ನಾನು ಕೊಟ್ಟ ಶುಲ್ಕ ಒಂದು ಸ್ಪೈಕ್ ಬಸ್ಟರ್. 120 ವೋಲ್ಟ್‌ನ ದೇಶದಿಂದ 230 ವೋಲ್ಟ್‌ನ ದೇಶಕ್ಕೆ ಬರುವಾಗ, ನನ್ನ ಚಾರ್ಜರುಗಳೆಲ್ಲವೂ 240ರವರೆಗೆ ತಡೆಯುತ್ತವೆಂದು ಒಂದೊಂದನ್ನೂ ನೋಡಿ ಖಾತ್ರಿ ಮಾಡಿಕೊಂಡಿದ್ದೆ. ಅವನ್ನೆಲ್ಲ ಸಾಲಾಗಿ ಚುಚ್ಚಲು ತಂದ ಬೋರ್ಡನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ. ಅಡಾಪ್ಟರಿನ ಮೂಲಕ ಅದನ್ನು ಗೋಡೆಗೆ ಸೇರಿಸಿ ಸ್ವಿಚ್ ಒತ್ತಿದ ಕ್ಷಣದಲ್ಲೇ ಪಟ್ಟೆಂದು ಶಬ್ದವಾಗಿ, ಸುಟ್ಟ ರಬ್ಬರಿನಂತಹ ವಾಸನೆ ಹರಡಿ, ಕೋಣೆಯ ದೀಪಗಳೆಲ್ಲ ಆರಿದವು. ವೋಲ್ಟೇಜ್ ಒಮ್ಮೆಲೇ ಏರಿದಾಗ ಅದನ್ನು ಹೀರಿಕೊಳ್ಳಲೆಂದು ಇಂತಹ ಬೋರ್ಡಿನೊಳಗೆ ಒಂದು ಬಿಡಿಭಾಗ ಇರುತ್ತದೆ. 230 ವೋಲ್ಟ್ ಎಂದು ಕರೆಯುವ ಎಸಿ ವಿದ್ಯುತ್ತು ಪ್ರತಿ ಅಲೆಯ ತುದಿಯಲ್ಲಿ 325 ವೋಲ್ಟ್‌ವರೆಗೆ ಏರುವುದರಿಂದ, 120 ವೋಲ್ಟ್‌ಗೆಂದು ಮಾಡಿದ ಆ ಭಾಗಕ್ಕೆ ಅದು ಕೊನೆಯಿಲ್ಲದ ಸಿಡಿಲಿನಂತೆ ತೋರಿರಬೇಕು. ಬೋರ್ಡಿಗೂ ಲೇಬಲ್ ಇರುತ್ತದೆ. ಅದನ್ನೂ ಓದಬೇಕು.

ಹರ್ಟ್ಸ್‌ನ ವಿಷಯ

ವಿದ್ಯುತ್ತಿನ ಅಲೆ ಸೆಕೆಂಡಿಗೆ 50 ಸಲ ಬರುತ್ತದೆಯೋ 60 ಸಲವೋ ಎಂಬುದು ಬಹಳಷ್ಟು ಉಪಕರಣಗಳಿಗೆ ಮುಖ್ಯವಲ್ಲ. ಅದನ್ನೇ ನೆಚ್ಚಿ ತಿರುಗುವ ಮೋಟಾರುಗಳಿಗೆ, ಗಡಿಯಾರಗಳಿಗೆ ಮಾತ್ರ ಅದು ದೊಡ್ಡ ವಿಷಯ. 60 ಹರ್ಟ್ಸ್‌ಗೆ ಮಾಡಿದ ಅಂತಹ ಗಡಿಯಾರ 50 ಹರ್ಟ್ಸ್‌ನಲ್ಲಿ ಗಂಟೆಗೆ ಸರಿಯಾಗಿ 10 ನಿಮಿಷ ಹಿಂದೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ಜಪಾನಿನಲ್ಲಿ ಟೋಕಿಯೊ ಸೇರಿದ ಪೂರ್ವಭಾಗಕ್ಕೆ 50, ಒಸಾಕ ಸೇರಿದ ಪಶ್ಚಿಮಭಾಗಕ್ಕೆ 60 ಹರ್ಟ್ಸ್ ಇರುವುದು ಹಲವರಿಗೆ ಸೋಜಿಗ. 19ನೆಯ ಶತಮಾನದ ಕೊನೆಗೆ ಟೋಕಿಯೊಗೆ ಜರ್ಮನಿಯಿಂದ, ಒಸಾಕಕ್ಕೆ ಅಮೆರಿಕದಿಂದ ಜನರೇಟರುಗಳು ಬಂದವು. ಆಗ ಬಿದ್ದ ಆ ಗಡಿ ಇಂದಿಗೂ ಅಳಿದಿಲ್ಲ.

ಆಕಾರಗಳು ಮತ್ತು ಅಕ್ಷರಗಳು

ಅಮೆರಿಕದಲ್ಲಿ ಗೋಡೆಯಿಂದ ಬಿಡಿಸಬಹುದಾದ ಪ್ಲಗ್ಗಿಗೆ ಹಾರ್ವೆ ಹಬ್ಬೆಲ್ 1904ರಲ್ಲಿ ಪೇಟೆಂಟ್ ಪಡೆದನು. ಅದಕ್ಕೆ ಮೊದಲು ವಿದ್ಯುತ್ತು ಮನೆಗೆ ಬಂದದ್ದೇ ದೀಪಕ್ಕಾಗಿ. ಬೇರೆ ಯಾವುದಾದರೂ ಉಪಕರಣ ಬಳಸಬೇಕಿದ್ದರೆ ಬಲ್ಬನ್ನು ಬಿಚ್ಚಿ, ಆ ಹೋಲ್ಡರಿಗೇ ವೈರನ್ನು ತಿರುಪಿ ಕೂರಿಸುತ್ತಿದ್ದರು. ಆಮೇಲೆ ಒಂದೊಂದು ದೇಶವೂ ತನ್ನದೇ ಮಾದರಿ ಮಾಡಿಕೊಂಡಿತು. ಜಗತ್ತಿಗೆಲ್ಲ ಒಂದೇ ಆಗಲೆಂದು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವಾದ ಐಇಸಿ 1986ರಲ್ಲಿ ಒಂದು ಮಾದರಿಯನ್ನು ಪ್ರಕಟಿಸುವ ಹೊತ್ತಿಗೆ ಕೋಟ್ಯಂತರ ಗೋಡೆಗಳಲ್ಲಿ ತೂತುಗಳು ಆಗಿಹೋಗಿದ್ದವು. ಆ ಮಾದರಿಯ ದಾರಿಯಲ್ಲಿ ನಡೆದ ಪ್ರಮುಖ ದೇಶಗಳು ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕ ಮಾತ್ರ.

ಈಗ ಬಳಕೆಯಲ್ಲಿರುವ ಮಾದರಿಗಳನ್ನು ಎ ಇಂದ ಓ ವರೆಗಿನ 15 ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುವುದು ರೂಢಿ. ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ; ಹೋಗುವ ದೇಶದ ಅಕ್ಷರವನ್ನು ತಿಳಿದುಕೊಂಡು ಅಡಾಪ್ಟರಿನ ಮೇಲೆ ಅದೇ ಅಕ್ಷರವಿದೆಯೇ ಎಂದು ನೋಡಿದರೆ ಸಾಕು.

ಎ ಎಂಬುದು ಎರಡು ಚಪ್ಪಟೆ ಪಿನ್ನುಗಳದು. ಅದಕ್ಕೆ ಅರ್ತಿಂಗಿನ ಮೂರನೆಯ ಪಿನ್ನು ಸೇರಿದರೆ ಬಿ. ಉತ್ತರ ಅಮೆರಿಕದ ಎ ಪ್ಲಗ್ಗಿನಲ್ಲಿ ಒಂದು ಪಿನ್ನು ಇನ್ನೊಂದಕ್ಕಿಂತ ಅಗಲವಾಗಿರುವುದುಂಟು. ಅದು ನ್ಯೂಟ್ರಲ್, ಅಂದರೆ ಕರೆಂಟ್ ಮರಳಿಹೋಗುವ ವೈರಿನ ಕಡೆಯದು. ತಿರುಗಾಮುರುಗಾ ಹಾಕಬಾರದೆಂದೇ ಹಾಗೆ ಮಾಡಿರುತ್ತಾರೆ, ಆದ್ದರಿಂದ ಅದನ್ನು ಅರದಿಂದ ಉಜ್ಜಿ ಸಣ್ಣದು ಮಾಡಬಾರದು. ಜಪಾನಿನ ಮನೆಗಳಲ್ಲಿ ಎರಡು ಸೀಳಿನ ಸಾಕೆಟ್ಟುಗಳೇ ಹೆಚ್ಚಾದ್ದರಿಂದ ಅಮೆರಿಕದ ಮೂರು ಪಿನ್ನಿನ ಪ್ಲಗ್ ಅಲ್ಲಿ ಹಿಡಿಯದೆ ಹೋಗಬಹುದು.

ಸಿ ಎಂಬುದು ಯೂರೋಪಿನ ತೆಳ್ಳನೆಯ ಎರಡು ದುಂಡು ಪಿನ್ನಿನ ಪ್ಲಗ್. 4 ಮಿಲಿಮೀಟರ್ ದಪ್ಪದ ಆ ಪಿನ್ನುಗಳು ಸಮಾನಾಂತರವಾಗಿಲ್ಲ. ತುದಿಯ ಕಡೆಗೆ ಒಂದಿಷ್ಟು ಒಳಬಾಗಿರುತ್ತವೆ. ಒತ್ತಿದರೆ ಬಳುಕುವ ಆ ಗುಣದಿಂದಲೇ ಅದು ಬೇರೆ ಬೇರೆ ದೇಶದ ಸಾಕೆಟ್ಟುಗಳಲ್ಲಿಯೂ ಬಿಗಿಯಾಗಿ ಕೂರುತ್ತದೆ. ಫ್ರಾನ್ಸಿನ ಇ, ಜರ್ಮನಿಯ ಎಫ್, ಸ್ವಿಟ್ಜರ್‌ಲೆಂಡಿನ ಜೆ, ಡೆನ್ಮಾರ್ಕಿನ ಕೆ, ಇಟಲಿಯ ಎಲ್ ಮತ್ತು ಮೇಲೆ ಹೇಳಿದ ಬ್ರೆಜಿಲ್, ದಕ್ಷಿಣ ಆಫ್ರಿಕಗಳ ಎನ್, ಇವೆಲ್ಲ ಈ ಪ್ಲಗ್ಗನ್ನು ಒಪ್ಪಿಕೊಳ್ಳುತ್ತವೆ. ಪ್ರವಾಸಿಯ ದೃಷ್ಟಿಯಿಂದ ನನಗೆ ಅತ್ಯಂತ ಅಚ್ಚುಕಟ್ಟೆನಿಸುವುದು ಇದೇ. ಆದರೆ ಇದರ ಮಿತಿ 2.5 ಆಂಪ್ ಮಾತ್ರ. ಚಾರ್ಜರಿಗೆ ಅದು ಧಾರಾಳ, ಇಸ್ತ್ರಿ ಪೆಟ್ಟಿಗೆಗೆ ಏನೂ ಅಲ್ಲ.

ಡಿ ಎಂಬುದು ಬ್ರಿಟನ್ನಿನ ಹಳೆಯ ಮೂರು ದುಂಡು ಪಿನ್ನಿನ ಮಾದರಿ. ಭಾರತ, ನೇಪಾಳಗಳಲ್ಲಿ ಇದು ಈಗಲೂ ಇದೆ. ಇದರದೇ ದೊಡ್ಡ ರೂಪ ಎಂ, ಹೆಚ್ಚು ಕರೆಂಟ್ ಎಳೆಯುವ ಉಪಕರಣಗಳದು. ಡಿ ಸಾಕೆಟ್ಟಿನ ತೂತುಗಳು 5 ಮಿಲಿಮೀಟರಿಗಿಂತ ತುಸು ದಪ್ಪದ ಪಿನ್ನಿಗೆಂದು ಮಾಡಿದವು. ಯೂರೋಪಿನ ತೆಳು ಪಿನ್ನು ಅದರೊಳಗೆ ಹೋಗಿಬಿಡುತ್ತದೆ, ಆದರೆ ಕಚ್ಚಿಕೊಳ್ಳುವುದಿಲ್ಲ. ಚಾರ್ಜರಿನ ಭಾರಕ್ಕೆ ಅದು ಮುಂದಕ್ಕೆ ಜೋತುಬಿದ್ದು, ಮುಟ್ಟಿದಾಗಲೊಮ್ಮೆ ಚಿಟಿಚಿಟಿ ಎನ್ನುತ್ತದೆ. ಆ ಸದ್ದು ಕಿಡಿಯದು. ಪಿನ್ನೂ ಲೋಹದ ಹಲ್ಲೂ ಚುಕ್ಕಿಯಷ್ಟು ಜಾಗದಲ್ಲಿ ಮಾತ್ರ ಸೋಕುವುದರಿಂದ ಅಲ್ಲಿ ಬಿಸಿಯೇರಿ, ಮೊದಲು ಪ್ಲಾಸ್ಟಿಕ್ ಕಂದಾಗಿ, ಆಮೇಲೆ ಮೆತ್ತಗಾಗುತ್ತದೆ. ಇಲ್ಲಿಯೂ ಸರಿಯಾದ ದಪ್ಪದ ಪಿನ್ನಿರುವ ಅಡಾಪ್ಟರನ್ನೇ ಬಳಸಬೇಕು.

ಜಿ ಎಂಬ ಬ್ರಿಟನ್ನಿನ ಇಂದಿನ ಮಾದರಿ 1947ರಲ್ಲಿ ರೂಪುಗೊಂಡದ್ದು. ಐರ್ಲೆಂಡ್, ಮಾಲ್ಟಾ, ಸೈಪ್ರಸ್, ಸಿಂಗಪುರ, ಮಲೇಷ್ಯ, ಹಾಂಗ್‌ಕಾಂಗ್, ಸಂಯುಕ್ತ ಅರಬ್ ಎಮಿರೇಟ್ಸ್‌ಗಳಲ್ಲಿಯೂ ಇದೇ ಇದೆ. ಮೂರು ಆಯತಾಕಾರದ ಪಿನ್ನುಗಳಲ್ಲಿ ಮೇಲಿನದು ಉಳಿದೆರಡಕ್ಕಿಂತ ಉದ್ದ. ಪ್ಲಗ್ಗನ್ನು ನಿಧಾನವಾಗಿ ಒಳಗೆ ತಳ್ಳಿ ನೋಡಿದರೆ ಅದರ ಕೆಲಸ ಕೈಗೆ ಗೊತ್ತಾಗುತ್ತದೆ: ಉದ್ದದ ಪಿನ್ನು ಮೊದಲು ಅರ್ತಿಂಗನ್ನು ಮುಟ್ಟಿ, ಒಳಗಿನ ಮುಚ್ಚಳವೊಂದನ್ನು ಸರಿಸುತ್ತದೆ, ಆಮೇಲೆ ಮಾತ್ರ ಕೆಳಗಿನ ಎರಡು ತೂತುಗಳು ತೆರೆದುಕೊಳ್ಳುತ್ತವೆ. ಮಕ್ಕಳು ಆ ತೂತಿಗೆ ಏನನ್ನೂ ತುರುಕದಿರಲೆಂದು ಮಾಡಿದ ಈ ಏರ್ಪಾಟನ್ನು ಪೆನ್ನಿನಿಂದ ಮೀಟಿ, ಎರಡು ಪಿನ್ನಿನ ಪ್ಲಗ್ಗನ್ನು ಒತ್ತಿ ಕೂರಿಸುವ ಪ್ರವಾಸಿಗಳನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬಾರದು. ಈ ಪ್ಲಗ್ಗಿನೊಳಗೇ ಒಂದು ಫ್ಯೂಸ್ ಇರುತ್ತದೆ. ಯುದ್ಧಾನಂತರ ತಾಮ್ರದ ಅಭಾವವಿದ್ದ ಕಾಲದಲ್ಲಿ ಹಲವು ಸಾಕೆಟ್ಟುಗಳನ್ನು ಒಂದೇ ದೊಡ್ಡ ಸುತ್ತು ವೈರಿಗೆ ಜೋಡಿಸುವ ಪದ್ಧತಿ ಬಂದದ್ದರಿಂದ, ಒಂದೊಂದು ಉಪಕರಣದ ವೈರಿಗೂ ಅದರದೇ ಕಾವಲು ಬೇಕಾಯಿತು. ಸಾಮಾನ್ಯವಾಗಿ 3 ಆಂಪ್ ಅಥವಾ 13 ಆಂಪ್ ಫ್ಯೂಸ್ ಇರುತ್ತದೆ; ಹೋದಾಗ ಅಷ್ಟೇ ಆಂಪಿನದನ್ನು ಹಾಕಬೇಕು.

ಐ ಎಂಬುದು ಓರೆಯಾದ ಎರಡು ಚಪ್ಪಟೆ ಪಿನ್ನುಗಳದು, ಆಸ್ಟ್ರೇಲಿಯ, ನ್ಯೂಜಿಲೆಂಡ್, ಚೀನ, ಅರ್ಜೆಂಟೀನಗಳಲ್ಲಿದೆ. ಅರ್ಜೆಂಟೀನದಲ್ಲಿ ಫೇಸ್ (ಕರೆಂಟ್ ಬರುವ ವೈರು) ಮತ್ತು ನ್ಯೂಟ್ರಲ್‌ಗಳು ಆಸ್ಟ್ರೇಲಿಯದ್ದಕ್ಕೆ ಅದಲುಬದಲು. ಎಚ್ ಇಸ್ರೇಲಿನದು, ಓ ಥಾಯ್ಲೆಂಡಿನದು.

ಅರ್ತಿಂಗನ್ನು ಕಳೆದುಕೊಳ್ಳದಿರುವುದು

ಮೂರನೆಯ ಪಿನ್ನಿನ ವಿಷಯದಲ್ಲಿ ಜನರು ತೋರುವಷ್ಟು ಉದಾಸೀನವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಉಪಕರಣ ಅದಿಲ್ಲದೆಯೂ ನಡೆಯುತ್ತದೆ ಎಂಬುದೇ ಅದಕ್ಕೆ ಕಾರಣ. ಒಳಗಿನ ಫೇಸ್ ವೈರು ಕಳಚಿ ಲೋಹದ ಹೊರಮೈಗೆ ತಾಗಿದ ದಿನ, ಕರೆಂಟ್ ನೆಲಕ್ಕೆ ಹರಿದು ಫ್ಯೂಸ್ ಅಥವಾ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆರುವ ಸ್ವಿಚ್) ಬೀಳುವಂತೆ ಮಾಡುವುದು ಆ ಪಿನ್ನು. ಅದಿಲ್ಲದಿದ್ದರೆ ಆ ದಾರಿ ಮುಟ್ಟಿದವರ ಮೈಯಾಗುತ್ತದೆ.

ಯಾವ ಉಪಕರಣಕ್ಕೆ ಅರ್ತಿಂಗ್ ಬೇಕಿಲ್ಲ ಎಂಬುದನ್ನೂ ಲೇಬಲ್ಲೇ ಹೇಳುತ್ತದೆ. ದೊಡ್ಡ ಚೌಕದೊಳಗೆ ಚಿಕ್ಕ ಚೌಕದ ಗುರುತು ಇದ್ದರೆ ಅದು ಎರಡು ಪದರ ನಿರೋಧಕವಿರುವ ಉಪಕರಣ. ಎರಡು ಪಿನ್ನು ಸಾಕು. ಆ ಗುರುತಿಲ್ಲದೆ ಮೂರು ಪಿನ್ನಿನ ಪ್ಲಗ್ಗಿನೊಡನೆ ಬಂದಿದ್ದರೆ, ಕೊನೆಯ ತನಕ ಮೂರೂ ಪಿನ್ನುಗಳ ಸಂಪರ್ಕ ಇರಲೇಬೇಕು. ಮೂರು ಪಿನ್ನನ್ನು ಎರಡಕ್ಕೆ ಇಳಿಸುವ ಅಡಾಪ್ಟರುಗಳನ್ನು ಇಂಥದಕ್ಕೆ ಬಳಸಬಾರದು.

ಯೂರೋಪಿನ ಪ್ಲಗ್ಗಿನಲ್ಲಿ ಈ ದೋಷ ಕಣ್ಣಿಗೆ ಕಾಣದಂತೆ ಅಡಗಿರುತ್ತದೆ. ಜರ್ಮನಿಯ ಎಫ್ ಸಾಕೆಟ್ಟಿನಲ್ಲಿ ಅರ್ತಿಂಗ್ ಇರುವುದು ತೂತಿನಲ್ಲಿ ಅಲ್ಲ, ಗುಂಡಿಯ ಎರಡು ಬದಿಗಳಲ್ಲಿರುವ ಲೋಹದ ಪಟ್ಟಿಗಳಲ್ಲಿ. ಫ್ರಾನ್ಸಿನ ಇ ಸಾಕೆಟ್ಟಿನಲ್ಲಿ ಅದು ಸಾಕೆಟ್ಟಿನಿಂದಲೇ ಹೊರಚಾಚಿದ ಒಂದು ಪಿನ್ನು. ಈಗಿನ ದಪ್ಪ ದುಂಡು ಪ್ಲಗ್ಗುಗಳು ಎರಡಕ್ಕೂ ಹೊಂದುವಂತೆ ಪಕ್ಕದಲ್ಲಿ ಪಟ್ಟಿ, ಮುಖದಲ್ಲಿ ತೂತು ಎರಡನ್ನೂ ಹೊಂದಿರುತ್ತವೆ. ಇಂತಹ ಪ್ಲಗ್ಗನ್ನು ‘ಎಲ್ಲ ದೇಶಕ್ಕೂ ಒಂದೇ’ ಎಂದು ಮಾರುವ ಚಪ್ಪಟೆ ಮುಖದ ಅಡಾಪ್ಟರಿಗೆ ಹಾಕಿದರೆ ಎರಡು ಪಿನ್ನು ಒಳಗೆ ಹೋಗಿ ಉಪಕರಣ ನಡೆಯುತ್ತದೆ, ಪಕ್ಕದ ಪಟ್ಟಿಯನ್ನು ಮುಟ್ಟುವವರು ಯಾರೂ ಇರುವುದಿಲ್ಲ. ಡೆನ್ಮಾರ್ಕಿನ ಕೆ ಸಾಕೆಟ್ಟಿನಲ್ಲಿಯೂ ಹೀಗೇ ಆಗುತ್ತದೆ.

ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಅಂಗೈಯನ್ನು ಹಗುರವಾಗಿ ಸವರಿದಾಗ ಸಣ್ಣಗೆ ಜುಮ್ಮೆಂದರೆ, ಚಾರ್ಜರಿಗೆ ಅರ್ತಿಂಗ್ ಸಿಕ್ಕಿಲ್ಲ ಎಂದು ತಿಳಿಯಬಹುದು. ಚಾರ್ಜರಿನ ಒಳಗಿನ ಕೆಪಾಸಿಟರಿನ ಮೂಲಕ ಸೋರುವ ಅತ್ಯಲ್ಪ ಕರೆಂಟ್ ಅದು. ಒಳ್ಳೆಯ ಚಾರ್ಜರಿನದಾದರೆ ಅಪಾಯಕರವಲ್ಲ. ಮೂರು ಪಿನ್ನಿನ ಚಾರ್ಜರ್ ಹಾಗೆ ಮಾಡಿದರೆ ಮಾತ್ರ ಅಡಾಪ್ಟರನ್ನು ಅನುಮಾನಿಸಬೇಕು.

ಅಡಾಪ್ಟರ್, ಕನ್ವರ್ಟರ್, ಟ್ರಾನ್ಸ್‌ಫಾರ್ಮರ್

ಅಂಗಡಿಗಳಲ್ಲಿ ಈ ಮೂರು ಹೆಸರುಗಳನ್ನು ಒಂದಕ್ಕೊಂದು ಬದಲಾಗಿ ಬಳಸುವುದುಂಟು, ಕೊಳ್ಳುವವರು ಬೆರೆಸಬಾರದು. ಅಡಾಪ್ಟರ್ ಆಕಾರವನ್ನು ಮಾತ್ರ ಬದಲಿಸುತ್ತದೆ. ಟ್ರಾನ್ಸ್‌ಫಾರ್ಮರ್ ನಿಜವಾಗಿ ವೋಲ್ಟೇಜನ್ನು ಏರಿಸುತ್ತದೆ ಅಥವಾ ಇಳಿಸುತ್ತದೆ, ಆದರೆ ಕಬ್ಬಿಣ ತಾಮ್ರಗಳ ಗಟ್ಟಿಯಾದ್ದರಿಂದ ಭಾರ. ಉಪಕರಣದ ವ್ಯಾಟಿಗಿಂತ ಕಾಲು ಭಾಗವಾದರೂ ಹೆಚ್ಚಿನ ಸಾಮರ್ಥ್ಯದ್ದನ್ನು ಕೊಳ್ಳಬೇಕು. ಕೈಯಲ್ಲಿ ಹಿಡಿಯುವಷ್ಟು ಹಗುರವಾಗಿದ್ದೂ 1600 ವ್ಯಾಟ್ ಎಂದು ಹೇಳಿಕೊಳ್ಳುವ ಕನ್ವರ್ಟರುಗಳು ಅಲೆಯನ್ನು ಕತ್ತರಿಸಿ ಕೊಡುವಂಥವು. ಕೇವಲ ಕಾಯಿಸುವ ಉಪಕರಣಗಳಿಗೆ, ಅದೂ ಸ್ವಲ್ಪ ಹೊತ್ತು ಮಾತ್ರ ಅವು ತಕ್ಕವು. ಎಲೆಕ್ಟ್ರಾನಿಕ್ ಸಾಧನಗಳನ್ನು ಅವಕ್ಕೆ ಜೋಡಿಸಬಾರದು.

ಅಡಾಪ್ಟರಿನ ಮೇಲೆ ಬರೆದ ಆಂಪನ್ನು ಅಲ್ಲಿಯ ವೋಲ್ಟೇಜಿನಿಂದ ಗುಣಿಸಿದರೆ ಅದು ತಾಳುವ ವ್ಯಾಟ್ ಸಿಗುತ್ತದೆ. 6 ಆಂಪಿನ ಅಡಾಪ್ಟರ್ 230 ವೋಲ್ಟ್‌ನಲ್ಲಿ 1380 ವ್ಯಾಟ್ ತಾಳಿದರೆ 120 ವೋಲ್ಟ್‌ನಲ್ಲಿ 720ನ್ನು ಮಾತ್ರ ತಾಳುತ್ತದೆ. ಎರಡು ಲ್ಯಾಪ್‌ಟಾಪ್, ನಾಲ್ಕು ಮೊಬೈಲು ಸೇರಿದರೂ 300 ವ್ಯಾಟ್ ದಾಟುವುದು ಅಪರೂಪವಾದ್ದರಿಂದ, ಒಂದು ಅಡಾಪ್ಟರ್ ಮತ್ತು ಸ್ಪೈಕ್ ತಡೆಯುವ ಭಾಗವಿಲ್ಲದ, 240 ವೋಲ್ಟ್‌ವರೆಗೆ ಬಳಸಬಹುದೆಂದು ಬರೆದಿರುವ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಇಡೀ ಕುಟುಂಬಕ್ಕೆ ಸಾಕಾಗುತ್ತದೆ. ಅಡಾಪ್ಟರಿನ ಮೇಲೆ ಅಡಾಪ್ಟರ್ ಪೇರಿಸುವುದು ಮಾತ್ರ ಬೇಡ.

ಹೆಚ್ಚು ದಿನ ಇರುವವರಿಗೆ ಅಡಾಪ್ಟರಿಗಿಂತ ಒಳ್ಳೆಯ ದಾರಿಯೊಂದಿದೆ: ವೈರನ್ನೇ ಬದಲಿಸುವುದು. ಲ್ಯಾಪ್‌ಟಾಪ್ ಚಾರ್ಜರಿನ ಗೋಡೆಯ ಕಡೆಯ ವೈರು ಬಿಡಿಸಲು ಬರುತ್ತದೆ. ಅದರ ಇನ್ನೊಂದು ತುದಿಯ ಆಕಾರ ಎಲ್ಲ ದೇಶಗಳಲ್ಲಿಯೂ ಒಂದೇ: ಮೂರೆಸಳಿನಂತಹದು ಸಿ-5, ಎಂಟರ ಅಂಕಿಯಂತಹದು ಸಿ-7, ಕಂಪ್ಯೂಟರ್ ಮತ್ತು ಮಾನಿಟರುಗಳಿಗೆ ಬರುವ ದೊಡ್ಡದು ಸಿ-13. ಮೇಲೆ ಹೇಳಿದ ಸಿ ಪ್ಲಗ್ಗಿಗೂ ಈ ಹೆಸರುಗಳಿಗೂ ನಂಟಿಲ್ಲ. ಅಲ್ಲಿಯೇ ಒಂದು ವೈರು ಕೊಂಡರೆ ಪಿನ್ನು ಬಿಗಿಯಾಗಿ ಕೂರುತ್ತದೆ, ಅರ್ತಿಂಗ್ ಉಳಿಯುತ್ತದೆ. ಸಣ್ಣ ಸಾಧನಗಳಿಗಾದರೆ ಯುಎಸ್‌ಬಿ-ಸಿ ಈ ತಲೆನೋವನ್ನು ಬಹಳ ಮಟ್ಟಿಗೆ ಇಳಿಸಿದೆ. ಯೂರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲ್, ಟ್ಯಾಬ್ಲೆಟ್, ಕ್ಯಾಮೆರಾಗಳಿಗೆ ಅದೇ ಕಡ್ಡಾಯವಾಗಿದೆ.

ತಲುಪಿದ ಮೇಲೆ

ಮೊದಲ ಸಲ ಪ್ಲಗ್ ಹಾಕುವಾಗ ಸ್ವಿಚ್ ಇದ್ದರೆ ಆರಿಸಿಟ್ಟು ಹಾಕಿ. ಯೂರೋಪ್, ಅಮೆರಿಕಗಳಲ್ಲಿ ಸಾಕೆಟ್ಟಿಗೆ ಸ್ವಿಚ್ ಇರುವುದು ಕಡಿಮೆ. ಅಲ್ಲಿ ಉಪಕರಣದ ಸ್ವಿಚ್ಚನ್ನೇ ಆರಿಸಿಡಬೇಕು. ಹತ್ತು ನಿಮಿಷದ ನಂತರ ಪ್ಲಗ್ಗಿನ ಹೊರಮೈಯನ್ನು ಬೆರಳಿನಿಂದ ಮುಟ್ಟಿ ನೋಡಿ. ಚಾರ್ಜರಿನ ಡಬ್ಬಿ ಬೆಚ್ಚಗಿರುವುದು ಸಹಜ. ಪಿನ್ನಿನ ಬುಡ ಅಥವಾ ಅಡಾಪ್ಟರ್ ಬಿಸಿಯಾಗಿದ್ದರೆ ಲೂಸ್ ಕಾಂಟ್ಯಾಕ್ಟ್ ಎಂದು ತಿಳಿದು ಬೇರೆ ಸಾಕೆಟ್ ಹುಡುಕಬೇಕು. ಬಿಡಿಸುವಾಗ ವೈರನ್ನು ಜಗ್ಗದೆ ಪ್ಲಗ್ಗನ್ನು ಹಿಡಿದೆಳೆಯಬೇಕು.

ಹೋಟೆಲಿನ ಸ್ನಾನದ ಕೋಣೆಯಲ್ಲಿ 115 ಮತ್ತು 230 ಎಂದು ಎರಡು ಗುರುತುಗಳಿರುವ ಸಾಕೆಟ್ ಕಂಡರೆ ಅದು ಷೇವರಿಗೆ ಮಾತ್ರ. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಹೇರ್ ಡ್ರೈಯರನ್ನು ಎಳೆಯಲಾರದು. ಅಮೆರಿಕದಲ್ಲಿ ನೀರಿನ ಬಳಿಯ ಸಾಕೆಟ್ಟಿನ ನಡುವೆ ಎರಡು ಗುಂಡಿಗಳಿರುತ್ತವೆ. ಸುಮಾರು 5 ಮಿಲಿಆಂಪ್ ಸೋರಿದರೂ ಅದು ತಾನಾಗಿಯೇ ಆರಿಹೋಗುತ್ತದೆ. ಕರೆಂಟ್ ಇಲ್ಲವೆಂದು ದೂರುವ ಮೊದಲು ‘ರೀಸೆಟ್’ ಎಂಬ ಗುಂಡಿಯನ್ನು ಒಮ್ಮೆ ಒತ್ತಿ ನೋಡಬೇಕು. ಮತ್ತೆ ಮತ್ತೆ ಆರಿದರೆ ದೋಷ ಉಪಕರಣದ್ದು.

ಹಿಂದಿರುಗಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ನಾಣ್ಯದಿಂದ ತಿರುಗಿಸಿದ ಆ ಡ್ರೈಯರಿನ ತಿರುಪನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಮೊದಲಿದ್ದ ವೋಲ್ಟೇಜಿಗೆ ಮರಳಿಸಬೇಕು. 240ಕ್ಕೆ ಬಿಟ್ಟು 120ರಲ್ಲಿ ಹಾಕಿದರೆ ಅದು ಉಗುರುಬೆಚ್ಚಗಿನ ಗಾಳಿಯನ್ನು ಉಸಿರಾಡುತ್ತದೆ ಅಷ್ಟೆ. 120ಕ್ಕೆ ಬಿಟ್ಟು 240ರಲ್ಲಿ ಹಾಕಿದರೆ ತಲೆ ಒಣಗುವ ಮೊದಲೇ ಡ್ರೈಯರಿನ ತಂತಿ ಕಡಿದುಹೋಗುತ್ತದೆ.